ಕತೆಯಲ್ಲಿ ಪಾತ್ರ ಮತ್ತು ಸಂಘರ್ಷ: ಹೊಸದಾಗಿ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಕಡೆ ಕತೆ ಬರೆಯಲು ಶುರು ಮಾಡಿದವರು ಸಿಕ್ಕಾಗಲೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಅದಕ್ಕೇ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ಉದಾಹರಣೆಗಳೆಲ್ಲ ನಮ್ಮ ಕಡೆಯವೇ. ಕೆಲವು ಉತ್ತರ ಉದ್ದ ಇವೆ, ಕೆಲವು ಎರಡೇ ಸಾಲು. ಉದ್ದ ಇರುವ ಕಡೆ ನಿಧಾನವಾಗಿ ಓದಿ, ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಅಲ್ಲೇ.

ಪಾತ್ರ ನಂಬುವಂತಿರಬೇಕು ಅಂದರೆ ಏನು? ನಿಜ ಜೀವನದಲ್ಲಿ ಇದ್ದ ಹಾಗೇ ಇರಬೇಕಾ?

ಹಾಗೇನಿಲ್ಲ. ಓದುಗರು ನಿಮ್ಮ ಪಾತ್ರವನ್ನು ಯಾವತ್ತೂ ನೋಡಿಲ್ಲ, ಹೋಲಿಸಿ ನೋಡಲು ಅವರ ಹತ್ತಿರ ಏನೂ ಇಲ್ಲ. ಅವರು ಕೇಳಿಕೊಳ್ಳುವುದು ಒಂದೇ: "ಈ ಮನುಷ್ಯ, ಈ ಪರಿಸ್ಥಿತಿಯಲ್ಲಿ, ಹೀಗೆ ಮಾಡುತ್ತಾನಾ?" ಹೌದು ಅನ್ನಿಸಿದರೆ ಪಾತ್ರ ನಿಂತಿತು. ಮಾಡಬಾರದ ಕೆಲಸ ಮಾಡಿದರೂ ಪರವಾಗಿಲ್ಲ. ಮಾಡುವುದಕ್ಕೆ ಅವನ ಲೆಕ್ಕದಲ್ಲಿ ಒಂದು ಕಾರಣ ಇರಬೇಕು, ಅಷ್ಟೇ.

ಪಾತ್ರವನ್ನು ಎಲ್ಲಿಂದ ಕಟ್ಟಲು ಶುರು ಮಾಡಬೇಕು? ಮೊದಲೇ ಒಂದು ಬಯೋಡೇಟಾ ಬರೆದಿಟ್ಟುಕೊಳ್ಳಬೇಕಾ?

ಬರೆದುಕೊಳ್ಳಬಹುದು. ಆದರೆ ಎತ್ತರ, ಬಣ್ಣ, ಇಷ್ಟದ ತಿಂಡಿ ಬರೆಯುವುದರಲ್ಲಿ ಜಾಸ್ತಿ ಹೊತ್ತು ಕಳೆಯಬೇಡಿ. ದುಡ್ಡಿನಿಂದ ಶುರು ಮಾಡಿ. ಮನೆಗೆ ದುಡ್ಡು ಯಾವ ತಿಂಗಳು ಬರುತ್ತದೆ, ಯಾವ ತಿಂಗಳು ಹೋಗುತ್ತದೆ? ಯಾರಿಗೆ ಸಾಲ ಕೊಡಬೇಕು? ಯಾರ ಎದುರು ಕೂತು ಮಾತಾಡಲು ಆಗುವುದಿಲ್ಲ? ಯಾರ ಮಾತು ಮೀರಲು ಆಗುವುದಿಲ್ಲ?

ಹಾಸನ ತಾಲ್ಲೂಕಿನ ಒಬ್ಬ ಆಲೂಗೆಡ್ಡೆ ಬೆಳೆಗಾರನನ್ನು ತೆಗೆದುಕೊಳ್ಳೋಣ. ಬಿತ್ತನೆ ಮೇ, ಜೂನ್‌ನಲ್ಲಿ. ಬೀಜದ ಗೆಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಬಂದು ಹಾಸನದ ಎಪಿಎಂಸಿಯಲ್ಲಿ ಮಾರಾಟವಾಗುತ್ತದೆ. ಮಗಳ ಕಾಲೇಜು ಫೀಸು ಕಟ್ಟುವ ಕಾಲವೂ ಅದೇ. ಕೈಯಲ್ಲಿರುವ ದುಡ್ಡು ಒಂದಕ್ಕೆ ಸಾಲುತ್ತದೆ, ಎರಡಕ್ಕೆ ಸಾಲುವುದಿಲ್ಲ. ಬೀಜ ತಂದರೂ ಅಂಗಮಾರಿ ರೋಗ ಬಂದರೆ ಬೆಳೆಯೆಲ್ಲ ಹೋಯಿತು. ಅವನ ಮೀಸೆ ಹೇಗಿದೆ ಅಂತ ನಾನಿನ್ನೂ ಹೇಳಿಲ್ಲ. ಆದರೂ ಎಪಿಎಂಸಿ ಗೇಟಿನ ಹತ್ತಿರ ಅವನು ಜೇಬು ಮುಟ್ಟಿ ನೋಡಿಕೊಳ್ಳುವುದು ಕಣ್ಣಿಗೆ ಕಟ್ಟುತ್ತದೆ ಅಲ್ವಾ?

ಸಂಘರ್ಷ ಅಂದರೆ ಜಗಳವೇ?

ಜಗಳ ಸಂಘರ್ಷದ ಒಂದು ರೂಪ, ಅದೂ ಕಡೆಗೆ ಬರುವ ರೂಪ. ಇಬ್ಬರು ಕೂಗಾಡಿದ ಮಾತ್ರಕ್ಕೆ ಸಂಘರ್ಷ ಆಗುವುದಿಲ್ಲ. ಇಬ್ಬರಿಗೂ ಬೇಕಾದದ್ದು ಒಂದೇ ಕಡೆ ಇದ್ದು, ಒಬ್ಬರಿಗೆ ಸಿಕ್ಕರೆ ಇನ್ನೊಬ್ಬರಿಗೆ ತಪ್ಪುವ ಹಾಗಿದ್ದರೆ ಅದು ಸಂಘರ್ಷ. ಇಬ್ಬರ ಕಡೆಯೂ ನ್ಯಾಯ ಇದ್ದರೆ ಅದು ಕತೆಗೆ ತಕ್ಕ ಸಂಘರ್ಷ. ಈ ಪುಟದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಒಂದು ಕತೆ ಹೂಡೋಣ. ಸಕಲೇಶಪುರದ ಕಡೆ ಹನ್ನೆರಡು ಎಕರೆ ರೊಬಸ್ಟಾ ಕಾಫಿ ತೋಟ, ಪಿತ್ರಾರ್ಜಿತ. ಅಣ್ಣ ಮಂಜಣ್ಣ, ತಂಗಿ ಸರೋಜ. ಸರೋಜಳ ಮದುವೆ 1992ರಲ್ಲಿ ಆಯಿತು. ಅಪ್ಪ 2001ರಲ್ಲಿ ತೀರಿಕೊಂಡರು. ಪಾಲು ಆಗಲಿಲ್ಲ. ತೋಟ ಮಾಡಿಕೊಂಡು ಬಂದವನು ಮಂಜಣ್ಣ. ಮರಗಸಿ ಮಾಡಿಸಿ (ನೆರಳಿನ ಮರಗಳ ಕೊಂಬೆ ಕಡಿಸಿ), ಹೊಸ ಗಿಡ ಕೂರಿಸಿ, ಸಿಲ್ವರ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದಾನೆ. ಸರೋಜಳ ಗಂಡ ಈಗಿಲ್ಲ. ಹಾಸನದಲ್ಲಿ ಬಾಡಿಗೆ ಮನೆ. ಅವಳಿಗೆ ಸ್ವಂತ ಸೂರು ಬೇಕು.

ಇಲ್ಲಿ ಕಾನೂನು ಏನು ಹೇಳುತ್ತದೆ ಅಂತ ಬರೆಯುವವರಿಗೆ ಗೊತ್ತಿರಬೇಕು. ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕೇಂದ್ರ ತಂದ ತಿದ್ದುಪಡಿಯಲ್ಲಿ ಆ ಷರತ್ತು ಇಲ್ಲ. ಅಪ್ಪ 2005ಕ್ಕೆ ಮೊದಲೇ ಹೋಗಿದ್ದರೆ ಹೇಗೆ ಅನ್ನುವ ಗೊಂದಲ ಉಳಿದಿತ್ತು. ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಅಪ್ಪ ಬದುಕಿರಲೇಬೇಕು ಅಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿತು. ಅಂದರೆ ಮಂಜಣ್ಣ ಹತ್ತಾರು ವರ್ಷ "ತಂಗಿಗೆ ಕೊಡಬೇಕಾದದ್ದು ಮದುವೆಯಲ್ಲೇ ಕೊಟ್ಟಾಯಿತು" ಅಂತ ನೆಮ್ಮದಿಯಾಗಿದ್ದ. ಅವನು ಮೋಸಗಾರನಲ್ಲ. ಅವನು ನಂಬಿಕೊಂಡಿದ್ದ ನೆಲವೇ ಕದಲಿತು.

ಈಗ ಸರೋಜಳ ಕಡೆ ಇನ್ನೊಂದು ಕಲ್ಲು ಇಡೋಣ. 2001-02ರ ಹೊತ್ತಿಗೆ ಕಾಫಿ ರೇಟು ನೆಲ ಕಚ್ಚಿತ್ತು. ವಿಯೆಟ್ನಾಂನ ರೊಬಸ್ಟಾ ಜಗತ್ತಿನ ಮಾರುಕಟ್ಟೆಗೆ ಸುರಿಯುತ್ತಿತ್ತು. ನಮ್ಮ ಕಡೆ ಎಷ್ಟೋ ಬೆಳೆಗಾರರು ಆಗ ಸಾಲಕ್ಕೆ ಬಿದ್ದರು. ತೋಟ ಬ್ಯಾಂಕಿನ ಪಾಲಾಗದಿರಲಿ ಅಂತ ಸರೋಜ ತನ್ನ ಸರ ಬಿಚ್ಚಿಕೊಟ್ಟಳು. ಅಣ್ಣ ಅಡ ಇಟ್ಟ. ಬಿಡಿಸಿಕೊಡುತ್ತೇನೆ ಅಂದ. ಬಿಡಿಸಲಿಲ್ಲ. ಇಬ್ಬರೂ ಆ ಮಾತು ಎತ್ತಿಲ್ಲ.

ತೋಟ ಉಳಿಸಿದವರು ಯಾರು? ಮಂಜಣ್ಣನೂ ಹೌದು, ಸರೋಜಳೂ ಹೌದು. ಇದಕ್ಕೆ ಸುಲಭದ ಉತ್ತರ ಇಲ್ಲ. ಕತೆ ಬೆಳೆಯುವುದಕ್ಕೆ ಜಾಗ ಸಿಗುವುದೇ ಅಲ್ಲಿ.

ಇಬ್ಬರದೂ ಸರಿ ಅಂದರೆ ಓದುಗರು ಯಾರ ಪರ ನಿಲ್ಲಬೇಕು?

ಒಂದು ಪುಟದಲ್ಲಿ ಅವನ ಪರ, ಮುಂದಿನ ಪುಟದಲ್ಲಿ ಅವಳ ಪರ. ಓದುಗರನ್ನು ಆ ಕಡೆ ಈ ಕಡೆ ಓಡಾಡಿಸಿ. ಬರೆಯುವವರು ಮೊದಲೇ ತೀರ್ಪು ಕೊಟ್ಟುಬಿಟ್ಟರೆ ಓದುಗರಿಗೆ ಮಾಡಲು ಕೆಲಸವೇ ಇರುವುದಿಲ್ಲ.

ಇದನ್ನೇ ಒಂದು ದೃಶ್ಯವಾಗಿ ಬರೆದು ತೋರಿಸಬಹುದಾ?

ಮೊದಲು ಎಲ್ಲರಿಗೂ ಕೈಗೆ ಬರುವ ರೀತಿ:

"ನನ್ನ ಪಾಲು ನನಗೆ ಕೊಡು!" ಸರೋಜ ಕೋಪದಿಂದ ಕೂಗಿದಳು.
"ಕೊಡುವುದಿಲ್ಲ! ಈ ತೋಟಕ್ಕೆ ಬೆವರು ಸುರಿಸಿದವನು ನಾನು!" ಮಂಜಣ್ಣ ಗುಡುಗಿದ.

ಎರಡೇ ಸಾಲಿಗೆ ಎಲ್ಲ ಮುಗಿಯಿತು. ಇಬ್ಬರೂ ಮನಸ್ಸಿನಲ್ಲಿದ್ದದ್ದನ್ನು ಹಾಗೆ ಹಾಗೇ ಹೇಳಿಬಿಟ್ಟರು. ಇವರು ಯಾವ ಊರಿನವರೂ ಆಗಬಹುದು. ಈಗ ಇದನ್ನು ನೋಡಿ:

ಕಣದ ತುಂಬ ಕಾಫಿ ಹರಡಿತ್ತು. ಮಂಜಣ್ಣ ಕೆದಕುತ್ತಿದ್ದವನು ಗೇಟಿನ ಸದ್ದಿಗೆ ತಿರುಗಿ ನೋಡಿದ.
"ಬಸ್ಸಿಗೆ ಬಂದ್ಯಾ? ಫೋನ್ ಮಾಡಿದ್ರೆ ಜೀಪ್ ಕಳಿಸ್ತಿದ್ದೆ."
"ಇರ್ಲಿ ಬಿಡಣ್ಣ. ಓಟಿ ಎಷ್ಟು ಬರ್ತಿದೆ ಈ ಸಲ?"
ಮಂಜಣ್ಣನ ಕೈ ನಿಂತಿತು. ಸರೋಜ ಯಾವತ್ತೂ ಓಟಿ ಕೇಳಿದವಳಲ್ಲ.
"ಇಪ್ಪತ್ತಾರು ಬಂದ್ರೆ ಜಾಸ್ತಿ. ಕೊಯ್ಲಲ್ಲಿ ಮಳೆ ಬಿತ್ತಲ್ಲ."
"ಆಚೆ ತೋಟದವ್ರು ಇಪ್ಪತ್ತೆಂಟು ಅಂದ್ರು."
"ಅವ್ರಿಗೇನು ಗೊತ್ತು ನಮ್ಮ ತೋಟದ್ದು."
ಒಳಗಿನಿಂದ ಅತ್ತಿಗೆ ಕರೆದರು. "ಸರೋಜಾ, ಕೈಕಾಲು ತೊಳ್ಕೊಂಡು ಬಾ, ಕಾಫಿ ಆರುತ್ತೆ."
"ಬಂದೆ ಅತ್ತಿಗೆ." ಸರೋಜ ಅಲ್ಲೇ ಬಗ್ಗಿ ಒಂದು ಹಿಡಿ ತೆಗೆದುಕೊಂಡು ಕಿವಿಯ ಹತ್ತಿರ ಅಲುಗಿಸಿದಳು. ಗಲಗಲ ಅಂತು. "ಒಣಗಿದೆ ಅಣ್ಣ. ಇವತ್ತೇ ತುಂಬಿಸ್ಬಹುದು."
"ನಾಳೆ ತುಂಬಿಸ್ತೀನಿ."
"ಹಾಗಾದ್ರೆ ನಾಳೆ ತನಕ ಇರ್ತೀನಿ."

ಪಾಲು ಅನ್ನುವ ಮಾತು ಎಲ್ಲೂ ಬಂದಿಲ್ಲ. ಆದರೂ ಅವಳು ಯಾಕೆ ಬಂದಿದ್ದಾಳೆ ಅಂತ ಮೂವರಿಗೂ ಗೊತ್ತು. ಓಟಿ ಅಂದರೆ ಐವತ್ತು ಕಿಲೋ ಒಣಕಾಫಿಯಲ್ಲಿ ಎಷ್ಟು ಕಿಲೋ ಬೇಳೆ ಸಿಗುತ್ತದೆ ಅನ್ನುವ ಲೆಕ್ಕ. ವ್ಯಾಪಾರಿ ದುಡ್ಡು ಕೊಡುವುದು ಅದರ ಮೇಲೆ. ಹಾಗಾಗಿ ಅವಳು ಓಟಿ ಕೇಳಿದ ಕೂಡಲೇ ಅವನು ಹುಷಾರಾದ. ಎರಡು ಕಡಿಮೆ ಹೇಳಿದ್ದು ಸುಳ್ಳೋ ನಿಜವೋ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಕಾಫಿ ಅಲುಗಿಸಿ ನೋಡಿದ್ದು ನನಗೆ ತುಂಬ ಮುಖ್ಯ. ಒಣಗಿದೆಯೋ ಇಲ್ಲವೋ ಅಂತ ಸದ್ದಿನಿಂದ ತಿಳಿಯುವುದು ಆ ಮನೆಯಲ್ಲಿ ಬೆಳೆದವಳಿಗೆ ಗೊತ್ತಿರುತ್ತದೆ. ತಾನೂ ಈ ಮನೆಯ ಮಗಳು ಅನ್ನುವುದನ್ನು ಅವಳು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಪಾತ್ರಗಳು ಜಗಳ ಬೇಡ ಅಂತ ಎದ್ದು ಹೋದರೆ?

ಹೋಗುವುದಕ್ಕೆ ಆಗಬಾರದು. ಇಬ್ಬರನ್ನೂ ಒಂದೇ ಕಡೆ ಕಟ್ಟಿಹಾಕುವ ಏನಾದರೂ ಇರಬೇಕು. ಮಂಜಣ್ಣ, ಸರೋಜರಿಗೆ ಪಹಣಿ ಇದೆ: ಪಾಲು ಮಾಡಬೇಕಾದರೂ, ತೋಟ ಮಾರಬೇಕಾದರೂ ಇಬ್ಬರ ಸಹಿ ಬೇಕು. ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ ದೀಪಾವಳಿ ಹೊತ್ತಿಗೆ ಮಾತ್ರ ತೆಗೆಯುತ್ತದೆ. ಮಾತು ಬಿಟ್ಟ ವಾರಗಿತ್ತಿಯರಿಬ್ಬರು ಆ ಸಾಲಿನಲ್ಲಿ ಹಿಂದೆ ಮುಂದೆ ಸಿಕ್ಕಿಹಾಕಿಕೊಂಡರೆ ಏನು ಮಾಡುತ್ತಾರೆ? ಗಂಟೆಗಟ್ಟಲೆ ನಿಂತ ಮೇಲೆ ಸಾಲು ಬಿಟ್ಟು ಹೋಗಲು ಯಾರಿಗೂ ಮನಸ್ಸು ಬರುವುದಿಲ್ಲ. ಇಂಥ ಜಾಗ ಹುಡುಕಿಕೊಳ್ಳಿ, ಮಾತು ತಾನಾಗಿ ಹೊರಡುತ್ತದೆ.

ಕಾಡಾನೆ, ಮಳೆ, ಬೆಲೆ ಕುಸಿತ ಇವೆಲ್ಲ ಸಂಘರ್ಷ ಆಗುವುದಿಲ್ವಾ?

ಆಗುತ್ತವೆ, ಆದರೆ ಅರ್ಧ ಮಾತ್ರ. ಆನೆಗೆ ನಿಮ್ಮ ಪಾತ್ರದ ಮೇಲೆ ದ್ವೇಷ ಇಲ್ಲ. ಮಳೆಗೆ ಮನಸ್ಸಿಲ್ಲ. ಅವು ಬಂದಾಗ ಮನುಷ್ಯರು ಒಬ್ಬರಿಗೊಬ್ಬರು ಏನು ಮಾಡುತ್ತಾರೆ ಅನ್ನುವುದು ಉಳಿದರ್ಧ. ಜನವರಿಯಲ್ಲಿ ಕಣದಲ್ಲಿ ಹಣ್ಣಿರುವಾಗ ಅಕಾಲ ಮಳೆ ಬಂದರೆ ಕಾಫಿ ಬೂಸ್ಟು ಹಿಡಿಯುತ್ತದೆ, ಗಿಡದಲ್ಲಿ ಹಣ್ಣಿರುವಾಗಲೇ ಹೂ ಅರಳುತ್ತದೆ. ಇದು ಸುದ್ದಿ. ಟಾರ್ಪಾಲು ಒಂದೇ ಇದೆ, ಅದನ್ನು ಕಣದ ಮೇಲೆ ಹಾಕುವುದಾ, ಆಳುಗಳು ಇರುವ, ಸೋರುವ ಲೈನ್ ಮನೆಗೆ ಕೊಡುವುದಾ ಅಂತ ಮೇಸ್ತ್ರಿ ಬಂದು ಕೇಳಿದರೆ, ಅದು ಕತೆ.

ಆನೆಯ ವಿಷಯಕ್ಕೆ ಬರೋಣ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆ ಅಂದರೆ ತಮಾಷೆಯಲ್ಲ. ಬೆಳಿಗ್ಗೆ ತೋಟಕ್ಕೆ ಹೋದವರು ವಾಪಸ್ ಬರುತ್ತಾರೋ ಇಲ್ಲವೋ ಅಂತ ಮನೆಯವರು ಕಾಯುತ್ತಾರೆ. ಮೈಸೂರು ದಸರಾದಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್‌ನಲ್ಲಿ ಸಕಲೇಶಪುರ ಕಡೆಯ ಯಸಳೂರು ಅರಣ್ಯ ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆ ವೇಳೆ ಕಾದಾಡಿ ಸತ್ತಾಗ ಇಡೀ ನಾಡೇ ಮರುಗಿತು. ಅದರ ಮೇಲೆ ಕತೆ ಬರೆಯುತ್ತೇನೆ ಅಂತ ಹಲವರು ಬಂದರು. ಹೆಚ್ಚಿನವರು ಬರೆದದ್ದು ಆನೆಯ ಶೌರ್ಯ. ನಾನು ಅವರಿಗೆ ಹೇಳಿದ್ದು ಹೀಗೆ: ಆ ಘಟನೆಯನ್ನು ಅದರ ಪಾಡಿಗೆ ಬಿಡಿ. ನೀವೇ ಕಲ್ಪಿಸಿಕೊಂಡ ಒಬ್ಬ ಮಾವುತ, ಒಬ್ಬ ಬೆಳೆಗಾರ ಇಬ್ಬರನ್ನು ಇಟ್ಟುಕೊಳ್ಳಿ. ಬೆಳೆಗಾರನ ತೋಟದ ಆಳೊಬ್ಬ ಕಳೆದ ತಿಂಗಳು ಕಾಡಾನೆಗೆ ಸಿಕ್ಕಿ ಸತ್ತಿದ್ದಾನೆ. ಅವನಿಗೆ ಕಾರ್ಯಾಚರಣೆ ಇವತ್ತೇ ಆಗಬೇಕು. ಮಾವುತ ಮಗುವಿನಂತೆ ಸಾಕಿದ ಆನೆಗೆ ವಯಸ್ಸಾಗಿದೆ. ಅವನಿಗೆ ಇವತ್ತು ಬೇಡ. ಇಬ್ಬರೂ ರಾತ್ರಿ ಒಂದೇ ಬೆಂಕಿಯ ಹತ್ತಿರ ಕೂತಿದ್ದಾರೆ. ಇಲ್ಲಿ ಯಾರನ್ನು ತಪ್ಪು ಅನ್ನುತ್ತೀರಿ?

ವಿಲನ್ ಇಲ್ಲದೆ ಕತೆ ನಡೆಯುತ್ತದಾ?

ಖಂಡಿತ ನಡೆಯುತ್ತದೆ. ವಿಲನ್ ಬೇಕೇಬೇಕು ಅಂದರೆ ಅವನಿಗೂ ಗೌರವ ಕೊಡಿ. ಸಾವಿರ ವರ್ಷದ ಹಿಂದೆಯೇ ರನ್ನ ಗದಾಯುದ್ಧದಲ್ಲಿ ದುರ್ಯೋಧನನನ್ನು ಸುಮ್ನೆ ಕೆಟ್ಟವನು ಅಂತ ಬಿಡಲಿಲ್ಲ. ಸತ್ತ ತಮ್ಮಂದಿರಿಗಾಗಿ, ಕರ್ಣನಿಗಾಗಿ ರಣರಂಗದಲ್ಲಿ ಅಳುವ ಮನುಷ್ಯನನ್ನಾಗಿ ತೋರಿಸಿದ. ಕನ್ನಡದಲ್ಲಿ ಬರೆಯುವವರಿಗೆ ಇಷ್ಟು ದೊಡ್ಡ ದಾರಿ ಮೊದಲೇ ಇದೆ. ಬಡ್ಡಿ ಸಾಹುಕಾರನನ್ನು ಬರೆಯುವಾಗ ಅವನು ಯಾರಿಗೆ ಹೆದರುತ್ತಾನೆ ಅಂತ ಒಮ್ಮೆ ಯೋಚಿಸಿ.

ಎಲ್ಲ ಪಾತ್ರಗಳೂ ಇಷ್ಟು ಆಳವಾಗಿ ಇರಬೇಕಾ?

ಬೇಡ. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲಿ ಕೇಂಬ್ರಿಜ್‌ನಲ್ಲಿ ಉಪನ್ಯಾಸ ಕೊಡುತ್ತ ಪಾತ್ರಗಳನ್ನು ಚಪ್ಪಟೆ, ದುಂಡನೆಯವು ಎಂದು ಎರಡು ಮಾಡಿದ. ಚಪ್ಪಟೆ ಪಾತ್ರವನ್ನು ಒಂದೇ ವಾಕ್ಯದಲ್ಲಿ ಹೇಳಬಹುದು. ದುಂಡನೆಯ ಪಾತ್ರ ನಂಬುವ ಹಾಗೆಯೇ ನಮ್ಮನ್ನು ಬೆರಗುಗೊಳಿಸುತ್ತದೆ. ಕತೆಗೆ ಎರಡೂ ಬೇಕು. ಬಸ್ ಕಂಡಕ್ಟರಿಗೆ ಬಾಲ್ಯದ ನೋವು ಬರೆಯಲು ಹೋಗಬೇಡಿ, ಟಿಕೆಟ್ ಕೊಟ್ಟು ಇಳಿಸಲಿ.

ಮಾತು ಯಾವ ಕನ್ನಡದಲ್ಲಿರಬೇಕು?

ಆ ಪಾತ್ರದ ಮನೆಯ ಕನ್ನಡದಲ್ಲಿ. ನಮ್ಮ ಎರಡು ಜಿಲ್ಲೆಗಳಲ್ಲೇ ಮಾತು ಎಷ್ಟು ಬಗೆ! ಚನ್ನರಾಯಪಟ್ಟಣದ ಕಡೆ "ಏನ್ಲಾ, ಬತ್ತೀಯೇನ್ಲಾ" ಅನ್ನುವವರು, ಶೃಂಗೇರಿ, ಕೊಪ್ಪದ ಕಡೆ "ಎಂತ ಮಾರಾಯ" ಅನ್ನುವವರು. ಲೈನ್ ಮನೆಗಳಲ್ಲಿ ತಮಿಳು, ತುಳು ಬೆರೆತ ಕನ್ನಡ. ಈಚೆಗೆ ಅಸ್ಸಾಂ ಕಡೆಯಿಂದ ಬಂದ ಕಾರ್ಮಿಕರು ತೋಟದಲ್ಲಿದ್ದಾರೆ, ಅವರ ಜೊತೆ ತೋಟದ ಲೆಕ್ಕ ಬರೆಯುವ ರೈಟರ್ ಆಡುವ ಅರೆಬರೆ ಹಿಂದಿಯೂ ಇದೆ. ಆದರೆ ಪ್ರತಿ ಪದವನ್ನೂ ಉಚ್ಚಾರಣೆಯಂತೆ ಬರೆಯಲು ಹೋದರೆ ಓದುವುದು ಕಷ್ಟ. ಕರೆಯುವ ರೀತಿ, ವಾಕ್ಯ ಮುಗಿಯುವ ರೀತಿ, ಒಂದೆರಡು ಖಾಯಂ ಪದ, ಇಷ್ಟು ಹಿಡಿದರೆ ಉಳಿದದ್ದು ಓದುಗರ ಕಿವಿಗೆ ತಾನಾಗಿ ಕೇಳುತ್ತದೆ.

ಒಂದು ಮಾತು ಗಮನಿಸಿ. ಒಬ್ಬನೇ ಮನುಷ್ಯ ಮಾಲೀಕರ ಎದುರು ಒಂದು ಥರ, ಹೆಂಡತಿಯ ಹತ್ತಿರ ಒಂದು ಥರ, ಬ್ಯಾಂಕಿನಲ್ಲಿ ಇನ್ನೊಂದು ಥರ ಮಾತಾಡುತ್ತಾನೆ. ಈ ಬದಲಾವಣೆ ಹಿಡಿದರೆ ಪಾತ್ರಕ್ಕೆ ಜೀವ ಬಂತು.

ಜಾತಿಯ ವಿಷಯ ಬರೆಯಲು ಭಯ. ಬಿಟ್ಟುಬಿಡಬಹುದಾ?

ಬಿಟ್ಟರೆ ಪಾತ್ರ ಸುಳ್ಳಾಗುತ್ತದೆ. ನಮ್ಮ ಊರುಗಳಲ್ಲಿ ಯಾರು ಜಗಲಿ ಹತ್ತುತ್ತಾರೆ, ಯಾರು ಅಂಗಳದಲ್ಲೇ ನಿಂತು ಮಾತಾಡುತ್ತಾರೆ, ಯಾರ ಲೋಟ ಬೇರೆ ಇರುತ್ತದೆ ಅನ್ನುವುದು ಇನ್ನೂ ಬದುಕಿನ ಭಾಗ. ಜಾತಿಯ ಹೆಸರನ್ನೇ ಬರೆಯಬೇಕು ಅಂತಿಲ್ಲ. ಕಾಫಿ ಯಾವ ಲೋಟದಲ್ಲಿ ಬಂತು ಅಂತ ಬರೆದರೆ ಸಾಕು, ನಮ್ಮ ಓದುಗರಿಗೆ ಅರ್ಥವಾಗುತ್ತದೆ. ಆದರೆ ನಿಮಗೆ ಗೊತ್ತಿಲ್ಲದ ಮನೆಯ ಒಳಗನ್ನು ಊಹೆಯ ಮೇಲೆ ಬರೆಯಬೇಡಿ. ಆ ಬದುಕು ಬಾಳಿದವರ ಜೊತೆ ಕೂತು ಕೇಳಿಸಿಕೊಳ್ಳಿ. ಅವರನ್ನು ಬರೀ ನೋವಿನ ಗುರುತಾಗಿಯೂ ಮಾಡಬೇಡಿ. ಅವರಿಗೂ ಹಟ, ಆಸೆ, ಹೊಟ್ಟೆಕಿಚ್ಚು, ನಗು ಇರುತ್ತದೆ. ಅದನ್ನೆಲ್ಲ ಕಿತ್ತುಕೊಂಡು ಅನುಕಂಪ ತೋರಿಸುವುದು ಇನ್ನೊಂದು ಅನ್ಯಾಯ.

ಪಾತ್ರದ ಹಳೆಯ ಕತೆ ಎಷ್ಟು ಹೇಳಬೇಕು?

ಈಗಿನ ಕತೆಯನ್ನು ನೂಕುವಷ್ಟು. ಗೊರೂರಿನ ಹೇಮಾವತಿ ಅಣೆಕಟ್ಟೆ 1979ರಲ್ಲಿ ಮುಗಿಯಿತು, ಹಲವು ಊರು ನೀರಿಗೆ ಹೋದವು. ಶೆಟ್ಟಿಹಳ್ಳಿಯ ಹಳೆಯ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ಮೇಲೆ ಬರುತ್ತದೆ. ಅದನ್ನು ನೋಡಿ ಬಂದವರೆಲ್ಲ ಮುಳುಗಡೆಯ ಇತಿಹಾಸವನ್ನು ಎರಡು ಪುಟ ಬರೆಯುತ್ತಾರೆ. ಅಷ್ಟು ಬೇಕಾಗಿಲ್ಲ. ಒಬ್ಬ ಅಜ್ಜಿ ಇದ್ದಾಳೆ ಅಂದುಕೊಳ್ಳಿ. ಮೊಮ್ಮಗ ಹೊಸ ಸೈಟು ತೆಗೆದುಕೊಳ್ಳಲು ಹೊರಟಾಗ ಅವಳು ಮೊದಲು ಕೇಳುವುದು, "ಕೆರೆಗೆ ಎಷ್ಟು ದೂರ?" ಮೊಮ್ಮಗನಿಗೆ ಕೆರೆಯ ಪಕ್ಕದ ಸೈಟೇ ಬೇಕು, ಅದೇ ಅಗ್ಗ. ಅವಳ ಊರು ಏನಾಯಿತು ಅನ್ನುವುದು ಆ ಪ್ರಶ್ನೆಯಲ್ಲೇ ಇದೆ.

ಗೊತ್ತಿರುವವರನ್ನೇ ಪಾತ್ರ ಮಾಡಬಹುದಾ?

ಅವರ ಒಂದು ಅಭ್ಯಾಸ ತೆಗೆದುಕೊಳ್ಳಿ, ಒಂದು ಮಾತಿನ ವರಸೆ ತೆಗೆದುಕೊಳ್ಳಿ. ಬದುಕನ್ನು ಇಡೀ ಎತ್ತಿಕೊಳ್ಳಬೇಡಿ. ಊರು ಸಣ್ಣದು, ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ, ಅವರ ಮನೆಯವರಿಗೆ ನೋವಾಗುತ್ತದೆ. ಇನ್ನೊಂದು ಕಾರಣವೂ ಇದೆ. "ನಿಜವಾಗಿ ಹೀಗೇ ಆಗಿದ್ದು" ಅನ್ನುವುದು ಬರೆಯುವವರ ಕೈಕಟ್ಟುತ್ತದೆ. ಪಾತ್ರ ಬೇರೆ ಏನಾದರೂ ಮಾಡಲು ಹೊರಟರೂ ನೀವು ಬಿಡುವುದಿಲ್ಲ.

ಮನಸ್ಸಿನೊಳಗಿನ ಸಂಘರ್ಷವನ್ನು ತೋರಿಸುವುದು ಹೇಗೆ?

ಕೆಲಸದಲ್ಲಿ. "ಅವನ ಮನಸ್ಸು ಹೊಯ್ದಾಡಿತು" ಅಂತ ಬರೆದರೆ ಯಾರಿಗೂ ಏನೂ ಕಾಣುವುದಿಲ್ಲ. ಮೇಲೆ ಹೇಳಿದ ಆಲೂಗೆಡ್ಡೆ ಬೆಳೆಗಾರ ಬೀಜದ ಮೂಟೆಗೆ ರೇಟು ಕುದುರಿಸಿ, ದುಡ್ಡು ಎಣಿಸಿ ಕೊಟ್ಟು, ಮತ್ತೆ ವಾಪಸ್ ಬಂದು "ಎರಡು ಮೂಟೆ ಕಮ್ಮಿ ಮಾಡಿ" ಅನ್ನಲಿ. ಮನೆಗೆ ಹೋಗಿ ಹೆಂಡತಿಗೆ "ಬೀಜ ಚೆನ್ನಾಗಿರಲಿಲ್ಲ" ಅಂತ ಹೇಳಲಿ. ಎರಡು ಮೂಟೆಯ ದುಡ್ಡು ಎಲ್ಲಿ ಹೋಗುತ್ತದೆ, ಸುಳ್ಳು ಯಾಕೆ ಹೇಳಿದ ಅನ್ನುವುದನ್ನು ಓದುಗರು ತಾವೇ ಜೋಡಿಸಿಕೊಳ್ಳುತ್ತಾರೆ.

ಕೊನೆಯಲ್ಲಿ ಪಾತ್ರ ಬದಲಾಗಲೇಬೇಕಾ? ಸಂಘರ್ಷ ಬಗೆಹರಿಯಲೇಬೇಕಾ?

ಎರಡೂ ಕಡ್ಡಾಯವಲ್ಲ. ಆದರೆ ಯಾರಾದರೂ ಏನಾದರೂ ತೆರಬೇಕು. ಸರೋಜ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರೆ ಸೂರು ಕಳೆದುಕೊಳ್ಳುತ್ತಾಳೆ. ಕೇಸು ಹಾಕಿದರೆ ತವರು ಕಳೆದುಕೊಳ್ಳುತ್ತಾಳೆ. ಮಂಜಣ್ಣ ಪಾಲು ಕೊಟ್ಟರೆ ತಾನು ನೆಟ್ಟ ಗಿಡ ಬೇರೆಯವರ ಕೈಗೆ ಹೋಗುವುದನ್ನು ನೋಡಬೇಕು. ಕೊನೆಯ ಪುಟದಲ್ಲಿ ಅಣ್ಣ ತಂಗಿ ತಬ್ಬಿಕೊಂಡು ಅತ್ತು, ಯಾರೂ ಏನೂ ಕಳೆದುಕೊಳ್ಳದೆ ಕತೆ ಮುಗಿದರೆ, ಅಲ್ಲಿಯವರೆಗೆ ಕಟ್ಟಿದ್ದೆಲ್ಲ ಪೊಳ್ಳಾಗುತ್ತದೆ. ಕೋರ್ಟಿನ ತೀರ್ಪು ಬಂದು ಮುಗಿಸುವುದೂ ಬೇಡ. ಅದು ಜಡ್ಜ್ ತೆಗೆದುಕೊಂಡ ನಿರ್ಧಾರ, ನಿಮ್ಮ ಪಾತ್ರದ್ದಲ್ಲ.

ಬರೆದಾದ ಮೇಲೆ ಪರೀಕ್ಷೆ ಮಾಡುವುದು ಹೇಗೆ?

ನಾನು ಎರಡು ಕೆಲಸ ಮಾಡುತ್ತೇನೆ. ಕತೆ ಸರೋಜಳ ಕಡೆಯಿಂದ ಇದ್ದರೆ, ಅದೇ ಕತೆಯನ್ನು ಮಂಜಣ್ಣನ ಬಾಯಲ್ಲಿ ಒಂದು ಪುಟ ಬರೆಯುತ್ತೇನೆ. ಅದು ಸಲೀಸಾಗಿ ಬಂದರೆ, ಅವನ ಮಾತು ಓದಿ ನನಗೂ ಒಂದು ಕ್ಷಣ "ಇವನು ಹೇಳುವುದೂ ಸರಿ" ಅನ್ನಿಸಿದರೆ, ಕತೆ ನಿಲ್ಲುತ್ತದೆ. ಒಂದು ಪುಟ ತುಂಬಿಸಲು ಆಗದಿದ್ದರೆ ಅವನನ್ನು ನಾನಿನ್ನೂ ನೋಡಿಲ್ಲ ಅಂತ ಅರ್ಥ.

ಎರಡನೆಯದು, ಆ ಕೆಲಸ ಬಲ್ಲವರಿಗೆ ಗಟ್ಟಿಯಾಗಿ ಓದಿ ಹೇಳುವುದು. ತೋಟದ ಕತೆಯಾದರೆ ತೋಟದವರಿಗೆ, ಎಪಿಎಂಸಿ ಕತೆಯಾದರೆ ಅಲ್ಲಿ ಮೂಟೆ ಹೊರುವವರಿಗೆ. ಚೆನ್ನಾಗಿದೆಯಾ ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. "ಆಮೇಲೆ ಅವನು ಏನು ಮಾಡ್ತಾನೆ ಹೇಳಿ" ಅಂತ ಮಧ್ಯದಲ್ಲಿ ನಿಲ್ಲಿಸಿ ಕೇಳಿ. ಅವರು ತಕರಾರು ತೆಗೆದ ಜಾಗಕ್ಕೆ ಗುರುತು ಹಾಕಿಕೊಂಡು, ಅಲ್ಲಿಂದ ಮತ್ತೆ ಬರೆಯಿರಿ.